ಶಟರ್ ಇಳಿದ್ರೆ ಯುಪಿವಿಸಿನ ಬೈಬೇಡಿ, ಒಳಗೆ ಪ್ಯಾಕರ್ ಇದೆಯಾ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ದುರ್ಗದಲ್ಲಿ ಈಗ ಹೊಸ ಮನೆ ಕಟ್ಟಿಸ್ತಿರೋರ ಹತ್ರ ಒಂದು ಗಳಿಗೆ ಕೂತ್ರೆ ಸಾಕು, "ಈ ಯುಪಿವಿಸಿ ಕಿಟಕಿ ನಮ್ಮ ಬಿಸ್ಲಿಗೆ ನಮ್ಮ ಗಾಳಿಗೆ ಆಗಿಬರಲ್ಲ ಕಣ್ರೀ, ವರ್ಷ ತುಂಬೋದ್ರೊಳಗೆ ಶಟರ್ ಇಳಿದುಬಿಡ್ತೈತೆ, ಲಾಕ್ ಬೀಳಲ್ಲ, ಹಳೇ ಮರದ ಕಿಟಕಿನೇ ವಾಸಿ" ಅನ್ನೋ ಮಾತು ಬಂದೇ ಬರುತ್ತೆ. ಯುಪಿವಿಸಿ ಅಂದ್ರೆ ಕಿಟಕಿಗೆ ಬಳಸೋ ಗಟ್ಟಿ ಪ್ಲಾಸ್ಟಿಕ್, ಶಟರ್ ಅಂದ್ರೆ ಗ್ಲಾಸ್ ಕೂರಿಸಿರೋ, ತೆರೆದು ಮುಚ್ಚೋ ಕಿಟಕಿ ಬಾಗಿಲು. ವಿ.ಪಿ. ಬಡಾವಣೆ ಇರ್ಲಿ, ತುರುವನೂರು ರಸ್ತೆ ಕಡೆ ಏಳ್ತಿರೋ ಹೊಸ ಮನೆಗಳಿರ್ಲಿ, ದೂರು ಒಂದೇ. ನಾನು ಮೊದಲು ಮರಗೆಲಸದೋನು, ಈಗ ಕೆಲವು ವರ್ಷದಿಂದ ಯುಪಿವಿಸಿ ಫಿಟ್ಟಿಂಗ್ ಮಾಡ್ಕೊಂಡಿದೀನಿ, ಎರಡೂ ಕೆಲಸ ಗೊತ್ತಿರೋದಕ್ಕೆ ಈ ಪತ್ರ. ಶಟರ್ ಇಳಿಯೋದು ಸುಳ್ಳಲ್ಲ. ಆದ್ರೆ ನಾನು ಬೀಡಿಂಗ್ (ಗ್ಲಾಸ್ ಹಿಡಿದಿಡೋ ಅಂಚುಪಟ್ಟಿ) ಬಿಚ್ಚಿ ನೋಡಿರೋ ಕಿಟಕಿಗಳಲ್ಲಿ ಬಹಳಷ್ಟು ಸಲ ತಪ್ಪು ಪ್ಲಾಸ್ಟಿಕ್ಕಿಂದೂ ಅಲ್ಲ, ಹಿಂಜಿಂದೂ ಅಲ್ಲ, ಗ್ಲಾಸಿಗೂ ಶಟರ್ ಫ್ರೇಮಿಗೂ ಮಧ್ಯೆ ಇಡಬೇಕಾದ ಸಣ್ಣ ಪ್ಲಾಸ್ಟಿಕ್ ಪಟ್ಟಿದು. ಅದಕ್ಕೆ ಪ್ಯಾಕರ್ ಅಂತೀವಿ. ಒಂದೋ ಇಟ್ಟೇ ಇರಲ್ಲ, ಇಲ್ಲಾ ಇಡಬಾರದ ಜಾಗದಲ್ಲಿ ಇಟ್ಟಿರ್ತಾರೆ.

ಮರದ ಶಟರಲ್ಲಿ ಮೂಲೆಗೆ ಕೂಡುಗಚ್ಚು ಇರುತ್ತೆ, ಚೌಕಟ್ಟೇ ಗಟ್ಟಿ, ಅದು ಗ್ಲಾಸನ್ನ ಹೊರುತ್ತೆ. ಯುಪಿವಿಸಿಲಿ ಇದು ಉಲ್ಟಾ ಅಂತ ಜನಕ್ಕೆ ಗೊತ್ತಿಲ್ಲ, ಎಷ್ಟೋ ಫಿಟ್ಟರ್‌ಗಳಿಗೂ ಗೊತ್ತಿಲ್ಲ. ಪ್ರೊಫೈಲ್, ಅಂದ್ರೆ ಫ್ರೇಮಿನ ಟೊಳ್ಳು ಪ್ಲಾಸ್ಟಿಕ್ ಪಟ್ಟಿ ಒಳಗೆ ಜಿಐ (ಸತುವಿನ ಲೇಪನದ) ಸ್ಟೀಲ್ ಹಾಕಿರ್ತಾರೆ ಸರಿ, ಆದ್ರೆ ಆ ಸ್ಟೀಲು ಮೂಲೆಲಿ ಒಂದಕ್ಕೊಂದು ಸೇರಿರಲ್ಲ, ಅಲ್ಲಿ ಪ್ಲಾಸ್ಟಿಕ್ಕನ್ನ ಕಾಯಿಸಿ ವೆಲ್ಡ್ ಮಾಡಿರ್ತಾರೆ ಅಷ್ಟೇ, ಹಂಗಾಗಿ ಖಾಲಿ ಶಟರನ್ನ ಕೈಲಿ ಹಿಡಿದು ಓರೆ ಮಾಡಿದ್ರೆ ಸ್ವಲ್ಪ ಬಾಗುತ್ತೆ. ಅದನ್ನ ಮೂಲೆಮಟ್ಟಕ್ಕೆ ಹಿಡಿದು ನಿಲ್ಸೋದೇ ಗ್ಲಾಸು. ತೋಟದ ಗೇಟಿಗೆ ಒಂದು ಪಟ್ಟಿನ ಓರೆಯಾಗಿ ಹೊಡೀತೀವಲ್ಲ, ಜೋತು ಬೀಳದಿರ್ಲಿ ಅಂತ, ಇಲ್ಲಿ ಗ್ಲಾಸ್ ಮಾಡೋದೂ ಅದೇ ಕೆಲಸ. ಆದ್ರೆ ಗ್ಲಾಸು ಫ್ರೇಮಿಗಿಂತ ಸುತ್ತಲೂ ಸುಮಾರು 5 ಎಂಎಂ ಚಿಕ್ಕದಾಗಿರುತ್ತೆ, ಆ ಸಂದಿಲಿ ಏನೂ ಇಲ್ಲ ಅಂದ್ರೆ ಅದು ಯಾರನ್ನ ಹಿಡಿದು ನಿಲ್ಸುತ್ತೆ ಹೇಳಿ.

ತೂಕನೂ ಕಮ್ಮಿ ಇಲ್ಲ. ಗ್ಲಾಸು ಒಂದು ಚದರ ಮೀಟರಿಗೆ, ಪ್ರತಿ ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ ಬರುತ್ತೆ. ಎರಡಡಿ ನಾಲ್ಕಡಿ ಶಟರಿಗೆ 5 ಎಂಎಂ ಗ್ಲಾಸ್ ಹಾಕಿದ್ರೆ 9 ಕೆಜಿ ಮೇಲೆ, ಡಬಲ್ ಗ್ಲಾಸ್ (ಮಧ್ಯೆ ಸಂದಿ ಬಿಟ್ಟು ಅಂಚಿಗೆ ಸೀಲ್ ಮಾಡಿದ ಎರಡು ಗ್ಲಾಸು) ಆದ್ರೆ 18 ಕೆಜಿ ದಾಟುತ್ತೆ. ಇಷ್ಟು ಭಾರ ಒಂದು ಪಕ್ಕದ ಹಿಂಜಿಗೆ ನೇತಾಡ್ಕೊಂಡು ದಿನಾ ತೆಗೆದು ಹಾಕೋದು.

ಪ್ಯಾಕರ್ ಎಲ್ಲಿಡಬೇಕು ಅನ್ನೋದೇ ಮುಖ್ಯ. ಪಕ್ಕಕ್ಕೆ ತೆಗೆಯೋ ಶಟರಲ್ಲಿ ಹಿಂಜ್ ಕಡೆಯ ಕೆಳಮೂಲೆ ಹತ್ರ ಗ್ಲಾಸಿನ ಅಡಿಗೆ ಒಂದು, ಅದೇ ಮೂಲೆಲಿ ಪಕ್ಕಕ್ಕೊಂದು, ಆಮೇಲೆ ಇದಕ್ಕೆ ಓರೆಯಾಗಿ ಎದುರಿರೋ ಮೇಲಿನ ಮೂಲೆಲಿ, ಅಂದ್ರೆ ಹ್ಯಾಂಡಲ್ ಕಡೆ, ಮೇಲೊಂದು ಪಕ್ಕಕ್ಕೊಂದು. ಶಟರು ಹ್ಯಾಂಡಲ್ ಕಡೆ ಇಳಿಯೋಕೆ ಹೋದ್ರೆ ಈ ಎರಡು ಮೂಲೆ ಹತ್ರ ಆಗ್ಬೇಕು, ಮಧ್ಯೆ ಗ್ಲಾಸ್ ಒತ್ತಿಕೊಂಡು ನಿಂತಿರುತ್ತೆ, ಹೆಂಗೆ ಇಳಿಯುತ್ತೆ? ಮೇಲಿನ ಪ್ಯಾಕರ್ ಇಡುವಾಗ ಹ್ಯಾಂಡಲ್ ಕಡೆ ಶಟರನ್ನ ಒಂಚೂರು ಎತ್ತಿ ಹಿಡ್ಕೊಂಡು ಚಪ್ಪಟೆ ಪಟ್ಟಿಲಿ ಮೀಟಿ ಕೂರಿಸ್ಬೇಕು, ಆಮೇಲೆ ಕ್ರಾಸ್ ಅಳತೆ, ಅಂದ್ರೆ ಮೂಲೆಯಿಂದ ಎದುರು ಮೂಲೆಗೆ, ಎರಡೂ ಕಡೆ ಹಿಡಿದು ಒಂದೇ ಬರುತ್ತಾ ನೋಡ್ಬೇಕು. ಉಳಿದ ಮೂಲೆಗಳಿಗೆ ಇಡೋದು ಗ್ಲಾಸ್ ಅಲ್ಲಾಡದಿರ್ಲಿ ಅಂತ ಅಷ್ಟೇ, ಅವು ಬಿಗಿ ಬೇಡ. ಇನ್ನು ಎಲ್ಲವನ್ನೂ ತೀರಾ ಮೂಲೆಗೇ ಒತ್ತಿ ಇಡಬಾರ್ದು, ಎರಡು ಮೂರು ಇಂಚು ಬಿಟ್ಟು ಇಡಬೇಕು, ಯಾಕಂದ್ರೆ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗ್ಲಾಸು ಮುಖಕ್ಕೆ ಹೊಡೆದ್ರೂ ತಡ್ಕೊಳುತ್ತೆ, ಅಂಚು ಮೂಲೆಗೆ ಪೆಟ್ಟಾದ್ರೆ ಪುಡಿಪುಡಿ. ಫಿಕ್ಸ್ಡ್ ಕಿಟಕಿಗಾದ್ರೆ ತಲೆನೋವಿಲ್ಲ, ಕೆಳಗೆ ಎರಡು ಕಡೆ ಸಮ ಇಟ್ರೆ ಆಯ್ತು. ಸ್ಲೈಡಿಂಗಲ್ಲಿ ರೋಲರ್ ಎಲ್ಲಿದೆಯೋ ಅದರ ನೇರಕ್ಕೆ ಮೇಲೆ ಇಡಬೇಕು, ಭಾರ ಸೀದಾ ರೋಲರ್ ಮೇಲೆ ಬೀಳ್ಬೇಕು, ಮಧ್ಯೆ ಇಟ್ರೆ ಕೆಳಪಟ್ಟಿ ಬಗ್ಗಿ ಟ್ರ್ಯಾಕಿಗೆ ಉಜ್ಜುತ್ತೆ.

ನಮ್ ಕಡೆ ಪ್ಯಾಕರ್ ಬದಲು ಏನೇನು ಇಡ್ತಾರೆ ಅಂತ ಕೇಳಿದ್ರೆ ನಗ್ತೀರ. ಪ್ಲೈವುಡ್ ಚೂರು, ಮೈಕಾ ತುಂಡು, ಗ್ಲಾಸ್ ಬಂದ ಡಬ್ಬದ ರಟ್ಟು, ಸೈಕಲ್ ಟ್ಯೂಬ್, ಇದ್ಯಾವುದೂ ಸಿಗ್ದಿದ್ರೆ ಸುತ್ತ ಸಿಲಿಕಾನ್ ಅಂಟು ಹೊಡೆದು "ಏನೂ ಆಗಲ್ಲ ಸಾರ್" ಅಂತ ಹೊರಟುಬಿಡೋದು. ಪ್ಲೈ ನೀರು ಕುಡಿದು ಉಬ್ಬುತ್ತೆ ಆಮೇಲೆ ಕೊಳೆಯುತ್ತೆ, ರಟ್ಟು ಒಂದು ಮಳೆಗೆ ಮುದ್ದೆ, ಟ್ಯೂಬು ಭಾರಕ್ಕೆ ಚಪ್ಪಟೆ ಆಗುತ್ತೆ. ಸರಿಯಾದ ಪ್ಯಾಕರ್ ಗಟ್ಟಿ ಪ್ಲಾಸ್ಟಿಕ್ಕಿಂದು, ಉದ್ದ ಸಾಮಾನ್ಯವಾಗಿ 100 ಎಂಎಂ, ದಪ್ಪ 1 ಎಂಎಂನಿಂದ 6 ಎಂಎಂವರೆಗೂ ಬೇರೆ ಬೇರೆ, ದಪ್ಪಕ್ಕೊಂದು ಬಣ್ಣ ಇರುತ್ತೆ. ಬಣ್ಣ ನಂಬ್ಕೊಂಡು ಮಾತ್ರ ಕೂರಬೇಡಿ, ಒಂದು ಕಂಪನಿಯ ಕೆಂಪು ಇನ್ನೊಂದು ಕಂಪನಿಲಿ ಬೇರೆ ದಪ್ಪ ಇರಬಹುದು, ಕ್ಯಾಲಿಪರ್ ಹಿಡಿದು ನೋಡೋದು ವಾಸಿ. ಅಗಲ ಗ್ಲಾಸಿನ ದಪ್ಪಕ್ಕಿಂತ ಕಮ್ಮಿ ಇರಬಾರ್ದು. ಡಬಲ್ ಗ್ಲಾಸಲ್ಲಿ ಇದು ಇನ್ನೂ ಮುಖ್ಯ, ಕಿರಿದು ಪ್ಯಾಕರ್ ಇಟ್ರೆ ಒಂದೇ ಗ್ಲಾಸಿಗೆ ಆಸರೆ ಸಿಕ್ಕಿ ಇನ್ನೊಂದು ಅಂತರದಲ್ಲಿ ನಿಂತು ಮಧ್ಯದ ಸೀಲಿನ ಮೇಲೆ ಎಳೆತ ಬೀಳುತ್ತೆ, ಸೀಲ್ ಹೋಯ್ತಂದ್ರೆ ಎರಡು ಗ್ಲಾಸಿನ ಮಧ್ಯೆ ಮಂಜು ಕಟ್ಟುತ್ತೆ, ಅದನ್ನ ಯಾವ ಬಟ್ಟೆಲೂ ಒರೆಸೋಕಾಗಲ್ಲ.

ನೀರಿನ ವಿಚಾರನೂ ಇದ್ರಲ್ಲೇ ಬರುತ್ತೆ. ಫ್ರೇಮಿನ ಕೆಳಗೆ ಮಳೆನೀರು ಹರಿದುಹೋಗೋಕೆ ತೂತು ಬಿಟ್ಟಿರ್ತಾರೆ, ಪ್ಯಾಕರ್ ಸೀದಾ ಅದರ ಮೇಲೆ ಇಟ್ರೆ ನೀರು ಅಲ್ಲೇ ನಿಂತು ಗ್ಲಾಸಿನ ಅಂಚು ಸದಾ ಒದ್ದೆ, ಡಬಲ್ ಗ್ಲಾಸ್ ಸೀಲಿಗೆ ಇದೂ ಒಂದು ಶತ್ರು. ಅಡಿಲಿ ನೀರು ಹರಿಯೋಕೆ ದಾರಿ ಇರೋ ಸೇತುವೆ ತರದ ಪ್ಯಾಕರ್ ಸಿಗುತ್ತೆ, ಅದನ್ನ ಹಾಕ್ಬೇಕು.

ಈಗ ಬಿಸಿಲು ಗಾಳಿ ಮಾತಿಗೆ ಬರ್ತೀನಿ, ದೂರೇ ಅದಲ್ವಾ. ಯುಪಿವಿಸಿ ಬಿಸಿಗೆ ಹಿಗ್ಗುತ್ತೆ, ಒಂದು ಮೀಟರ್ ಉದ್ದಕ್ಕೆ 10 ಡಿಗ್ರಿ ಏರಿದ್ರೆ ಮುಕ್ಕಾಲು ಎಂಎಂ ಆಸುಪಾಸು. ಏಪ್ರಿಲಲ್ಲಿ ಪಶ್ಚಿಮದ ಗೋಡೆ ಕಿಟಕಿ ಮುಟ್ಟಿ ನೋಡಿ, ಅದ್ರಲ್ಲೂ ಮರದ ಬಣ್ಣದ್ದೋ ಗಾಢ ಕಂದು ಬಣ್ಣದ್ದೋ ಹಾಕ್ಸಿದ್ರೆ ಬಿಳಿಗಿಂತ ಜಾಸ್ತಿ ಕಾಯುತ್ತೆ. ಅದಕ್ಕೇ ನಾಲ್ಕೂ ಕಡೆ ಒಂದಿಷ್ಟೂ ಜಾಗ ಬಿಡದೆ ಪ್ಯಾಕರ್ ಜಡಿದು "ನೋಡಿ ಎಷ್ಟು ಟೈಟ್" ಅನ್ನೋದೂ ತಪ್ಪೇ, ಹಿಗ್ಗೋಕೆ ಕುಗ್ಗೋಕೆ ಜಾಗ ಸಿಗ್ದೆ ಒಂದೋ ಪಟ್ಟಿ ಬಿಲ್ಲಾಗುತ್ತೆ ಇಲ್ಲಾ ಗ್ಲಾಸ್ ಹೋಗುತ್ತೆ. ಗಾಳಿ ಅಂದ್ರೆ, ಜೋಗಿಮಟ್ಟಿ ಗುಡ್ಡದ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಸಿಲ್ವಲ್ಲ, ಆಷಾಢದಲ್ಲಿ ಕೊಕ್ಕೆ ಹಾಕ್ದಿರೋ ಶಟರು ದಬಾರ್ ದಬಾರ್ ಅಂತ ಬಡಿದುಕೊಂಡು ಪಕ್ಕದ ಮೇಲಿನ ಪ್ಯಾಕರ್ ಜಾರಿ ಕೆಳಗೆ ಬಿದ್ದಿರುತ್ತೆ. ಇಡುವಾಗ ಒಂದೊಂದು ಹನಿ ಸಿಲಿಕಾನ್ ಮುಟ್ಟಿಸಿ ಅಂಟಿಸಿದ್ರೆ ಜಾರಲ್ಲ. ಆದ್ರೆ ಹುಳಿ ವಾಸನೆ ಬರೋ ಅಗ್ಗದ ಸಿಲಿಕಾನ್ ಬೇಡ, ಡಬಲ್ ಗ್ಲಾಸ್ ಸೀಲಿಗೂ ಲ್ಯಾಮಿನೇಟೆಡ್ ಗ್ಲಾಸಿನ ಒಳಪದರಕ್ಕೂ ಅದು ಒಳ್ಳೇದಲ್ಲ, ನ್ಯೂಟ್ರಲ್ ಅಂತ ಬರೆದಿರೋದು ಕೇಳಿ.

ಗೋಡೆಗೂ ಹೊರ ಫ್ರೇಮಿಗೂ ಮಧ್ಯೆ ಇಡೋ ಪ್ಯಾಕರ್ ಬೇರೆ, ಸ್ಕ್ರೂ ಬರೋ ಜಾಗಕ್ಕೆಲ್ಲ ಅದನ್ನ ಇಟ್ಟು ಬಿಗಿ ಮಾಡ್ದಿದ್ರೆ ಸ್ಕ್ರೂ ಫ್ರೇಮನ್ನ ಗೋಡೆ ಕಡೆ ಎಳ್ಕೊಂಡು ಬಗ್ಗಿಸುತ್ತೆ, ಅಷ್ಟು ಹೇಳಿ ಬಿಡ್ತೀನಿ.

ಇಷ್ಟೆಲ್ಲ ಗೊತ್ತಿದ್ರೂ ಯಾಕೆ ಮಾಡಲ್ಲ ಅಂದ್ರೆ, ರೇಟು ಚದರಡಿ ಲೆಕ್ಕ. ಮನೆಯವ್ರು ಬ್ರ್ಯಾಂಡ್ ಕೇಳ್ತಾರೆ, ಬಣ್ಣ ಕೇಳ್ತಾರೆ, ಸೊಳ್ಳೆ ಮೆಶ್ ಫ್ರೀನಾ ಅಂತ ಕೇಳ್ತಾರೆ, ಹತ್ತು ರೂಪಾಯಿಗೆ ಚೌಕಾಸಿ ಮಾಡ್ತಾರೆ, ಒಳಗೇನಿದೆ ಅಂತ ಯಾರೂ ಕೇಳಲ್ಲ. ಇತ್ಲಾಗೆ ಫಿಟ್ಟಿಂಗ್ ಹುಡುಗರಿಗೆ ದಿನಕ್ಕೆ ಇಷ್ಟು ಚದರಡಿ ಮುಗಿಸ್ಬೇಕು ಅನ್ನೋ ಒತ್ತಡ, ಎಷ್ಟೋ ಕಡೆ ಫ್ರೇಮ್ ಕೂರಿಸೋದು ಒಬ್ರು, ಗ್ಲಾಸ್ ಹಾಕೋದು ಗ್ಲಾಸ್ ಅಂಗಡಿ ಹುಡುಗ, ಅವನಿಗೆ ಹಿಂಜ್ ಯಾವ ಕಡೆ ಅನ್ನೋದ್ರ ಮೇಲೆ ಗಮನನೇ ಇರಲ್ಲ. ಒಂದು ಕಿಟಕಿಗೆ ಬೇಕಾಗೋ ಪ್ಯಾಕರ್‌ಗಳ ಖರ್ಚು ಅದರ ಹ್ಯಾಂಡಲ್ ಖರ್ಚಿಗೂ ಬರಲ್ಲ. ಗ್ಲಾಸ್ ಕೂರಿಸೋ ಕೆಲಸಕ್ಕೆ ಐಎಸ್ 3548 ಅಂತ ಭಾರತೀಯ ಮಾನಕದ ಕೋಡ್ ಎಷ್ಟೋ ವರ್ಷದ ಹಿಂದೆನೇ ಬಂದಿದೆ, ಎಲ್ರ ಟೇಬಲ್ ಡ್ರಾಯರಲ್ಲೂ ಭದ್ರವಾಗಿದೆ. ನಮ್ಮ ಜಿಲ್ಲೆ ಐಟಿಐಗಳಲ್ಲಿ ಮರಗೆಲಸ ಕಲಿಸೋ ಹುಡುಗರಿಗೆ ಈ ಕೆಲಸನೂ ಕೈಲಿ ಮಾಡಿಸಿ ಕಲಿಸಿದ್ರೆ ಎಷ್ಟು ಚೆನ್ನಾಗಿರುತ್ತೆ, ಈಗ ಮರದ ಕಿಟಕಿಗಿಂತ ಇದೇ ತಾನೇ ಜಾಸ್ತಿ ಆಗ್ತಿರೋದು.

ಮನೆ ಕಟ್ಟಿಸ್ತಿರೋರು ಕೊಟೇಶನ್ನಲ್ಲೇ ಪ್ಯಾಕರ್ ಅಂತ ಬರೆಸ್ಕೊಳ್ಳಿ, ಗ್ಲಾಸ್ ಕೂರಿಸೋ ದಿನ ಬೀಡಿಂಗ್ ಹೊಡೆಯೋಕೆ ಮುಂಚೆ ಒಂದ್ಸಲ ನಿಂತು ನೋಡಿ, ಬೀಡಿಂಗ್ ಬಿದ್ದ ಮೇಲೆ ಏನೂ ಕಾಣಲ್ಲ. ಈಗಾಗಲೇ ಶಟರ್ ಇಳಿದಿರೋ ಮನೆಯವ್ರು ಹಿಂಜ್ ಬದಲಾಯಿಸೋಕೆ ದುಡ್ಡು ಕೊಡೋ ಮುಂಚೆ ಹಾಕಿದೋರನ್ನೇ ಕರೆಸಿ, ಬೀಡಿಂಗ್ ತೆಗೆಸಿ ಪ್ಯಾಕರ್ ಸರಿ ಕೂರಿಸೋಕೆ ಹೇಳಿ. ಫ್ರೇಮ್ ನೆಟ್ಟಗಿದ್ದು ಹಿಂಜ್ ಸ್ಕ್ರೂ ಗಟ್ಟಿ ಇದ್ರೆ ಬಹಳಷ್ಟು ಶಟರು ಅಷ್ಟಕ್ಕೇ ಮೇಲೆದ್ದು ಲಾಕ್ ಬೀಳುತ್ತೆ, ತೆಗೆಯುವಾಗ ಬೀಡಿಂಗ್ ಯಾವ ಕಡೆದು ಯಾವುದು ಅಂತ ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳೋಕೆ ಹೇಳೋದು ಮರೀಬೇಡಿ.

ಇಂತಿ,
ಒಬ್ಬ ಕಿಟಕಿ ಫಿಟ್ಟರ್
ಕೆಳಗೋಟೆ, ಚಿತ್ರದುರ್ಗ