ಆ ಫೈಲನ್ನು ಸ್ವಲ್ಪ ದಿನ ಮುಚ್ಚಿಡು

ಪ್ರೀತಿಯ ಗೆಳೆಯಾ,

ಮಡಿಕೇರಿ ದಸರಾದ ಮಂಟಪಕ್ಕಂತ ನೀನು ಮಾಡಿ ಕಳಿಸಿದ ಆಡಿಯೋ ಕೇಳಿದೆ. ಚೆನ್ನಾಗಿಲ್ಲ ಅಂತ ಹೇಳುವುದಿಲ್ಲ, ಆದರೆ ಕೇಳಿ ಮುಗಿಸುವಷ್ಟರಲ್ಲಿ ಸುಸ್ತಾಯಿತು. ಮಹಿಷಾಸುರ ಬರುತ್ತಾನೆ, ಅಬ್ಬರಿಸುತ್ತಾನೆ, ದೇವತೆಗಳು ಓಡುತ್ತಾರೆ, ಸಿಡಿಲು, ಚಂಡೆ, ಮತ್ತೆ ಸಿಡಿಲು, ಆಮೇಲೆ ದೇವಿ ಬರುತ್ತಾಳೆ, ಅವಳೂ ಅಬ್ಬರಿಸುತ್ತಾಳೆ. ಎಲ್ಲೂ ಒಂದು ಉಸಿರು ಎಳೆದುಕೊಳ್ಳುವಷ್ಟು ಜಾಗ ಇಲ್ಲ. ಅದರ ಕೆಳಗೆ ನಿನ್ನ ಮೆಸೇಜು: ನಿದ್ದೆ ಇಲ್ಲ, ಏನೂ ಹೊಳೆಯುತ್ತಿಲ್ಲ, ನಾಳೆ ಇನ್ನೊಂದು ಕಳಿಸುತ್ತೇನೆ ಅಂತ.

ಕಳಿಸಬೇಡ ಮಾರಾಯ. ಫೋನಿನಲ್ಲಿ ಹೇಳಿದರೆ ಮಧ್ಯದಲ್ಲೇ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕದೆ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ನಿನ್ನ ಹಾಗೆ ಒದ್ದಾಡುವವರು ಇನ್ನೂ ಸುಮಾರು ಜನ ಇದ್ದಾರೆ.

ಮಡಿಕೇರಿ ದಸರಾ ನೋಡದವರಿಗೆ ಒಂದು ಮಾತು. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ ಹೊರಡುತ್ತವೆ. ಟ್ರ್ಯಾಕ್ಟರ್ ಮೇಲೆ ಅಲುಗಾಡುವ ದೊಡ್ಡ ಬೊಂಬೆಗಳು, ಲೈಟು, ಹೊಗೆ, ಪುರಾಣದ ಒಂದು ಕಥೆ, ಅದಕ್ಕೆ ಮೊದಲೇ ರೆಕಾರ್ಡ್ ಮಾಡಿದ ಮಾತು ಮತ್ತು ಸಂಗೀತ. ಒಬ್ಬರಿಗಿಂತ ಒಬ್ಬರದು ಜೋರು, ಯಾಕೆಂದರೆ ಬಹುಮಾನ ಇದೆ. ಜನ ಚಳಿಯಲ್ಲಿ ಬೆಳಗಿನವರೆಗೂ ನಿಂತು ನೋಡುತ್ತಾರೆ. ಮಧ್ಯರಾತ್ರಿ ಕಳೆದ ಮೇಲೆ ಕಿವಿಗೆ ಎಲ್ಲ ಒಂದೇ ತರ ಕೇಳುತ್ತದೆ, ಯಾವ ರಾಕ್ಷಸ ಯಾವ ಮಂಟಪದವನು ಅಂತ ಗೊತ್ತಾಗುವುದಿಲ್ಲ. ನನಗೆ ಇವತ್ತಿಗೂ ನೆನಪಿರುವ ಮಂಟಪ ಒಂದಿದೆ. ವಧೆಗೆ ಸ್ವಲ್ಪ ಮುಂಚೆ ಅವರು ಎಲ್ಲ ಲೈಟು ಆರಿಸಿ, ಶಬ್ದ ನಿಲ್ಲಿಸಿ, ಹಾಗೇ ಬಿಟ್ಟರು. ನನ್ನ ಪಕ್ಕದಲ್ಲಿದ್ದವರು ಜನರೇಟರ್ ಕೆಟ್ಟಿತು ಅಂದರು! ಆದರೆ ಅಷ್ಟು ಹೊತ್ತು ಫೋನು ಒತ್ತುತ್ತಿದ್ದವರೆಲ್ಲ ತಲೆ ಎತ್ತಿದ್ದರು. ಬಹುಮಾನ ಅವರಿಗೆ ಬಂತೋ ಇಲ್ಲವೋ ನೆನಪಿಲ್ಲ.

ನಮ್ಮ ಕೊಡಗಿನಲ್ಲಿ ಮದುವೆಗೆ, ಸುಗ್ಗಿ ಹಬ್ಬ ಪುತ್ತರಿಗೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಹಿಡಿದು ಹಾಡುತ್ತಾರಲ್ಲ, ಅದನ್ನು ಇನ್ನೊಂದು ಸಲ ಗಮನ ಇಟ್ಟು ಕೇಳು. ನಾಲ್ಕು ಜನ, ಎರಡು ಜೋಡಿ. ಒಂದು ಜೋಡಿ ಒಂದು ಸಾಲು ಹಾಡುತ್ತದೆ, ಇನ್ನೊಂದು ಜೋಡಿ ಅದೇ ಸಾಲನ್ನು ಮತ್ತೆ ಹಾಡುತ್ತದೆ. ಚಿಕ್ಕಂದಿನಲ್ಲಿ ನನಗೆ ಬೋರಾಗುತ್ತಿತ್ತು, ಹೇಳಿದ್ದನ್ನೇ ಯಾಕೆ ಹೇಳುತ್ತಾರೆ ಅಂತ. ಈಗ ನೋಡಿದರೆ ಎರಡನೇ ಜೋಡಿ ಹಾಡುವಾಗ ಮೊದಲ ಜೋಡಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ನೆನಪಿಗೆ ತಂದುಕೊಳ್ಳಲು ಹೊತ್ತು ಸಿಗುತ್ತದೆ, ಕೂತ ನಮಗೂ ಸಾಲು ಒಳಗೆ ಇಳಿಯುತ್ತದೆ. ಇಡೀ ಮನೆತನದ ಕಥೆ ಹಾಡುವವರು ಅವರು, ಗಂಟೆಗಟ್ಟಲೆ ಹಾಡಬೇಕು. ಆ ಬಿಡುವು ಹಾಡಿನ ಒಳಗೇ ಇದೆ, ಯಾರೂ ಅದನ್ನು ಸೋಮಾರಿತನ ಅನ್ನುವುದಿಲ್ಲ.

ಇನ್ನು ತೋಟದ ವಿಷಯ. ನಿನಗೆ ಗೊತ್ತಿರುವುದೇ, ಆದರೆ ಬೆಂಗಳೂರಿಗೆ ಹೋದ ಮೇಲೆ ಮರೆತಿದ್ದೀಯ. ಕಾಫಿ ಗಿಡದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಮೊಗ್ಗು ಕಟ್ಟಲು ಶುರುವಾಗುತ್ತದೆ. ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ ಅದು ಬೆಳೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಇಂಚು ಲೆಕ್ಕದಲ್ಲಿ ಒಳ್ಳೆಯ ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಹೂ ಬಿಟ್ಟು ಇಡೀ ತೋಟ ಬೆಳ್ಳಗಾಗುತ್ತದೆ. ನಡುವಿನ ಆ ಒಣಗುವ ದಿನಗಳು ಇಲ್ಲದಿದ್ದರೆ ಹೂವು ಒಟ್ಟಿಗೆ ಬಿಡುವುದಿಲ್ಲ, ಅಲ್ಲೊಂದು ಇಲ್ಲೊಂದು ಬಿಟ್ಟು ಕೊಯ್ಲಿನವರೆಗೂ ತಲೆನೋವು. ಕೆರೆ ತುಂಬಾ ನೀರಿದ್ದರೂ, ಸ್ಪ್ರಿಂಕ್ಲರ್ ಶೆಡ್ಡಿನಲ್ಲಿದ್ದರೂ, ಡಿಸೆಂಬರಿನಲ್ಲಿ ಯಾರೂ ರೋಬಸ್ಟಾ ಕಾಫಿಗೆ ಹೂವಿನ ನೀರು ಹಾರಿಸುವುದಿಲ್ಲ. ಮೊಗ್ಗು ನೋಡುತ್ತಾರೆ, ಕಾಯುತ್ತಾರೆ. ಆಮೇಲೆ ಹಾರಿಸುವಾಗ ಅರೆಬರೆ ಹಾರಿಸುವುದಿಲ್ಲ, ನೆಲ ಪೂರ್ತಿ ನೆನೆಯುವಷ್ಟು ಹಾರಿಸುತ್ತಾರೆ. ನೀನು ಈಗ ಮಾಡುತ್ತಿರುವುದು ದಿನಾ ರಾತ್ರಿ ಹತ್ತು ಸೆಂಟು ಮಳೆ, ಅಂದರೆ ಇಂಚಿನ ಹತ್ತನೇ ಒಂದು ಭಾಗ.

ಆದರೆ ಮೊಗ್ಗೇ ಕಟ್ಟದ ಗಿಡದ ಮುಂದೆ ಎಷ್ಟು ದಿನ ಕಾದರೂ ಅಷ್ಟೇ. 'ಮೂಡು ಬಂದಾಗ ಬರೆಯುತ್ತೇನೆ' ಅಂತ ವರ್ಷಗಟ್ಟಲೆ ಕೂತವರನ್ನು ನಾವಿಬ್ಬರೂ ನೋಡಿದ್ದೇವೆ, ಹೆಸರು ಬೇಡ. ನಾನು ಹೇಳುತ್ತಿರುವುದು ಆ ತರದ ಕೂರುವಿಕೆ ಅಲ್ಲ.

ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕಾರೆ ತನ್ನ ಕೆಲಸದ ಬಗ್ಗೆ ತಾನೇ ಬರೆದಿದ್ದಾನೆ. ಒಂದು ಲೆಕ್ಕದ ಹಿಂದೆ ಬಿದ್ದು ಹದಿನೈದು ದಿನ ದಿನಾ ಮೇಜಿನ ಮುಂದೆ ಕೂತನಂತೆ, ಏನೂ ಸಿಗಲಿಲ್ಲ. ಒಂದು ರಾತ್ರಿ ಅಭ್ಯಾಸ ಇಲ್ಲದ ಕಪ್ಪು ಕಾಫಿ ಕುಡಿದು ನಿದ್ದೆ ಬರದೆ ಬಿದ್ದಿದ್ದಾಗ ಸ್ವಲ್ಪ ದಾರಿ ಕಂಡಿತು. (ಇದನ್ನು ಓದಿ ನೀನು ಇನ್ನೊಂದು ಲೋಟ ಬೆರೆಸಿಕೊಳ್ಳುತ್ತೀಯ ಅಂತ ಗೊತ್ತು.) ಆಮೇಲೆ ಆ ಲೆಕ್ಕ ಮರೆತು ಪ್ರವಾಸ ಹೋದ. ಕುತಾನ್ಸ್ ಎಂಬ ಊರಿನಲ್ಲಿ ಕುದುರೆ ಬಸ್ಸು ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟಾಗ ಮುಖ್ಯವಾದ ಉತ್ತರ ತಾನಾಗಿ ಬಂತು. ಎಲ್ಲರೂ ಆ ಬಸ್ಸಿನ ಮೆಟ್ಟಿಲನ್ನೇ ಹೇಳುತ್ತಾರೆ, ಹದಿನೈದು ದಿನದ ಮೇಜನ್ನು ಬಿಟ್ಟುಬಿಡುತ್ತಾರೆ. ನಿನಗೆ ಮೇಜಿನ ಭಾಗ ಆಗಿದೆ. ಬೇಕಾದ್ದಕ್ಕಿಂತ ಜಾಸ್ತಿಯೇ ಆಗಿದೆ.

ನಿನಗೇನು, ತೋಟ ಇದೆ, ಸುಮ್ನೆ ಕೂತು ಉಪದೇಶ ಮಾಡುತ್ತೀಯ, ನನಗೆ ಬಾಡಿಗೆ ಕಟ್ಟಬೇಕು ಅನ್ನುತ್ತೀಯ, ಅಲ್ವಾ? ಸರಿಯೇ. ಬಿಡುವು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ, ಅದು ನಿಜ. ಅದಕ್ಕೇ ತಿಂಗಳು ಕೇಳುತ್ತಿಲ್ಲ, ಒಂದು ವಾರ ಕೇಳುತ್ತಿದ್ದೇನೆ. ದಸರಾಕ್ಕೆ ಇನ್ನೂ ಎರಡು ತಿಂಗಳ ಮೇಲಿದೆ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ ಅನ್ನುವುದನ್ನು ಒಂದು ಸಾಲಿನಲ್ಲಿ ಚೀಟಿಯಲ್ಲಿ ಬರೆದಿಡು. ನನಗೆ ಅನ್ನಿಸುವುದು, ದೇವಿ ಯಾಕೆ ತಡವಾಗಿ ಬರುತ್ತಾಳೆ ಅನ್ನುವುದು ನಿನಗೇ ಇನ್ನೂ ಗೊತ್ತಿಲ್ಲ, ಅದನ್ನು ಸಿಡಿಲಿನಲ್ಲಿ ಮುಚ್ಚುತ್ತಿದ್ದೀಯ. ಬರೆದಿಟ್ಟು ಫೈಲು ಮುಚ್ಚು. ಆಮೇಲೆ ಕೈಗೆ ಕೆಲಸ ಕೊಡು, ಬಟ್ಟೆ ಒಗೆ, ನಡೆ, ಏನಾದರೂ ಸರಿ. ರೀಲ್ಸ್ ನೋಡುವುದನ್ನು ಮಾತ್ರ ಬಿಡುವು ಅಂತ ಲೆಕ್ಕ ಹಾಕಬೇಡ. ಅಲ್ಲಿ ಬೇರೆಯವರ ಸಿಡಿಲು.

ಸಾಧ್ಯವಾದರೆ ಇಲ್ಲಿಗೇ ಬಾ. ಈಗ ಕಕ್ಕಡ, ನಮ್ಮ ಕೊಡವ ಲೆಕ್ಕದ ಮಳೆಗಾಲದ ತಿಂಗಳು, ಮಳೆ ಬಿಟ್ಟಿಲ್ಲ, ನಾಟಿ ನಡೆಯುತ್ತಿದೆ, ಆದ್ದರಿಂದ ನಿನ್ನನ್ನು ಕೂರಿಸಿ ಉಪಚಾರ ಮಾಡಲು ಯಾರಿಗೂ ಪುರುಸೊತ್ತಿಲ್ಲ, ಅದೂ ಒಳ್ಳೆಯದೇ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಮ್ಮ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಮಾರನೇ ದಿನ ಆ ಸೊಪ್ಪಿನಿಂದ ಬದಲಾದ ಮೂತ್ರದ ಬಣ್ಣ ನೋಡಿ ಹೋದ ಸಲದ ಹಾಗೆ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಬೇಡ. ಕೊಡೆ ನಂಬಬೇಡ, ರೈನ್‌ಕೋಟ್ ತಾ.

ಮಂಟಪದ ಸಮಿತಿಯವರು ಒತ್ತಾಯ ಮಾಡಿದರೆ ನನ್ನ ನಂಬರ್ ಕೊಡು. ಅವರಲ್ಲಿ ಇಬ್ಬರಿಗೆ ನಾನು ಪರಿಚಯ, ಹೇಗೆ ಹೇಳಬೇಕೋ ಹಾಗೆ ಹೇಳುತ್ತೇನೆ.

ನಿನ್ನ,
ಹಳೇ ಬೆಂಚಿನವನು