ಬಾಟಲ್ ಅಡ್ಡ ಇಟ್ಟು ನೋಡು ಅಂದಿದ್ದೆ ನೀನು

ಲೇ ಮೂರನೇ ಗೇರು,

ಹೇಗಿದ್ದೀಯ? ನಿನ್ನ ಸ್ಕೂಲ್ ಬಸ್ಸಿನ ಫೋಟೋ ನೋಡಿದೆ. ಬಸ್ಸಿಗೆ ಚೆಂಡುಹೂವಿನ ಹಾರ, ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ನೀನು. ಮಕ್ಕಳು ಬಸ್ ಮಾಮ ಅಂತ ಕರೆಯುತ್ತಾರಂತೆ. ಖುಷಿ ಆಯಿತು. ಅವರಿಗೆ ಆ ಆಂಬೂರಿನ ಮೇಕೆ ಕಥೆ ಮಾತ್ರ ಹೇಳಬೇಡ.

ಫೋನ್ ಮಾಡಬಹುದಿತ್ತು. ಎರಡು ಸಲ ಮಾಡಿಯೂ ಮಾಡಿದೆ. ಡೀಸೆಲ್ ರೇಟು, ನಿಮ್ಮ ಕಡೆ ಮಳೆ, ನಿಮ್ಮಮ್ಮನ ಮಂಡಿನೋವು, ಇಷ್ಟೇ ಮಾತಾಡಿ ಇಟ್ಟುಬಿಟ್ಟೆ. ಹೇಳಬೇಕಿದ್ದದ್ದು ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರ ಕಣ್ಣಿಗೆ ಬೀಳುವ ಹಾಗೆ ಯಾಕೆ ಹಾಕಿದೆ ಅಂತ ಬೈಯಬೇಡ. ನಮ್ಮ ಲೈನಿನ ಹುಡುಗರೂ ಓದಲಿ ಅಂತ ಹಾಕಿದ್ದೇನೆ.

ನಾನಿನ್ನೂ ನಾವಿಬ್ಬರೂ ಲಾರಿಯಲ್ಲಿ ಓಡಾಡುತ್ತಿದ್ದ ಅದೇ ರೂಟು. ಶ್ರೀಪೆರಂಬುದೂರಿನಲ್ಲಿ ಗಾಜು ಲೋಡ್ ಮಾಡಿಕೊಂಡು ವೆಲ್ಲೂರು, ಆಂಬೂರು, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರು. ಈಗ ಅತ್ತಿಬೆಲೆ ಹತ್ತಿರ ಗಾಡಿ ಹಾಕಿಕೊಂಡು ಕೂತಿದ್ದೇನೆ. ರಾತ್ರಿ ಸಿಟಿಯೊಳಗೆ ಲಾರಿಗಳಿಗೆ ಎಂಟ್ರಿ ಬಿಡುವ ತನಕ ಟೈಮಿದೆ. 2017ರಲ್ಲಿ ಜಿಎಸ್‌ಟಿ ಬರುವ ಮುಂಚೆ ಇಲ್ಲಿ ಚೆಕ್‌ಪೋಸ್ಟ್ ಸಾಲು ಎಷ್ಟು ಉದ್ದ ಇರುತ್ತಿತ್ತು, ನೆನಪಿದೆಯಾ? ಆ ಸಾಲಿನಲ್ಲೇ ಅಲ್ವಾ ನೀನು ನನಗೆ ಬಾಟಲ್ ಪಾಠ ಮಾಡಿದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನೀನು ಸ್ವಲ್ಪ ತಾಳು. ಗಾಜಿನ ಶೀಟನ್ನು ಮಲಗಿಸಿ ಸಾಗಿಸುವುದಿಲ್ಲ. ಮಲಗಿಸಿದರೆ ಒಂದು ಹಂಪ್ ಸಾಕು, ತನ್ನ ಭಾರಕ್ಕೇ ಸೀಳಿ ಹೋಗುತ್ತದೆ. ಎ ಅಕ್ಷರದ ಹಾಗಿರುವ ಕಬ್ಬಿಣದ ಫ್ರೇಮಿನ ಎರಡೂ ಕಡೆ ಒರಗಿಸಿ ನಿಲ್ಲಿಸಿ ಬೆಲ್ಟ್ ಬಿಗಿಯುತ್ತಾರೆ. ಒರಗಿರುವುದು ತುಂಬಾ ಕಮ್ಮಿ. ಗೋಡೆಗೆ ಒರಗಿಸಿದ ಹಲಗೆಯಷ್ಟೂ ಇಲ್ಲ. ಎಂಟು ಅಡಿಗೆ ಹನ್ನೆರಡು ಅಡಿ ಶೀಟು, 12 ಎಂಎಂ ದಪ್ಪದ್ದು, ಒಂದೊಂದೇ 270 ಕೆಜಿ ಹತ್ತಿರ ತೂಗುತ್ತದೆ. ಹತ್ತು ಶೀಟಿಗೆ ಎರಡೂಮುಕ್ಕಾಲು ಟನ್ ಹತ್ತಿರ ಬಂತು. ಆದರೆ ಆಚೆಗಿರುವ ಮನುಷ್ಯ, ಮರ, ಲೈಟ್ ಕಂಬ ಎಲ್ಲ ಅದರೊಳಗಿಂದ ಕಾಣುತ್ತದೆ. ಏನೂ ಇಲ್ಲವೇನೋ ಅನ್ನಿಸುತ್ತದೆ. ಹೊಸ ಹುಡುಗರಿಗೆ ಅದಕ್ಕೇ ಭಯ ಹುಟ್ಟುವುದಿಲ್ಲ.

ಅನ್‌ಲೋಡ್ ಮಾಡುವಾಗ ಗಾಡಿ ಒಂದು ಕಡೆಗೆ ವಾಲಿ ನಿಂತಿದ್ದರೆ, ಒರಗಿದ್ದ ಆ ಚೂರೂ ಇಲ್ಲದಂತಾಗುತ್ತದೆ. ಬೆಲ್ಟ್ ಬಿಚ್ಚಿದ ಕೂಡಲೇ ಗಾಜು ಫ್ರೇಮ್ ಬಿಟ್ಟು ಮನುಷ್ಯರ ಕಡೆ ಬರುತ್ತದೆ. ಅದಕ್ಕೆ ನಿನ್ನ ಬಾಟಲು. ಅರ್ಧ ನೀರಿರುವ ಬಾಟಲನ್ನು ಪ್ಲಾಟ್‌ಫಾರ್ಮಿನ ಮೇಲೆ ಅಡ್ಡ ಮಲಗಿಸು. ನೀರು ಯಾವ ಕಡೆ ಓಡುತ್ತದೆ ನೋಡು. ಸಮ ಇದ್ದರೆ ಮಾತ್ರ ಬೆಲ್ಟಿಗೆ ಕೈ ಹಾಕು.

ಹದಿನೈದು ದಿನದ ಹಿಂದೆ ಒಂದು ಗೋಡೌನಿಗೆ ಹೋಗಿದ್ದೆ. ಯಾವುದು ಅಂತ ಬರೆಯುವುದಿಲ್ಲ. ರಾತ್ರಿ ಎರಡು ಗಂಟೆ. ಕ್ರೇನ್ ಇಲ್ಲ, ಕೈಯಲ್ಲೇ ಇಳಿಸಬೇಕು. ಆರು ಜನ ಹಮಾಲರು. ಅದರಲ್ಲೊಬ್ಬ ಹೊಸಬ, ಯಾದಗಿರಿ ಕಡೆ ಹುಡುಗ, ಇಪ್ಪತ್ತು ವರ್ಷ ಇದ್ದರೆ ಜಾಸ್ತಿ. ನನಗೆ ಟೀ ತಂದುಕೊಟ್ಟವನು ಅವನೇ. ಬಿಸಿ ಇದೆ ಅಣ್ಣಾ ಅಂತ ತನ್ನ ಟವೆಲ್ಲಿನಲ್ಲಿ ಸುತ್ತಿ ಕೊಟ್ಟ.

ಬೆಲ್ಟ್ ಬಿಚ್ಚಿದರು. ಒಂದು ಕಡೆಯ ಕೊನೆಯಲ್ಲಿ ಎರಡು ಶೀಟು, 8 ಎಂಎಂ. ನಾನು ನೋಡುತ್ತಲೇ ಇದ್ದೆ. ಅವುಗಳ ಮೇಲಿನ ಅಂಚು ಫ್ರೇಮ್ ಬಿಟ್ಟು ಒಂದು ಬೆರಳಿನಷ್ಟು ಈಚೆ ಬಂತು. ಟ್ಯೂಬ್‌ಲೈಟಿನ ಬೆಳಕು ಆ ಅಂಚಿನ ಮೇಲೆ ಹಸಿರು ಗೆರೆ ಎಳೆದಂತೆ ಮಿನುಗಿತು. ನಿಧಾನಕ್ಕೆ ಬಂತು ಕಣೋ, ಬಾಗಿಲು ತೆರೆದುಕೊಂಡ ಹಾಗೆ. ಎದುರಿಗೆ ಆ ಹುಡುಗ.

ನಾನು ಕೂಗಿದೆ.

ಏನಂತ ಕೂಗಿದೆ ಗೊತ್ತಾ? 'ಹಿಡ್ಕೋ ಲೇ!' ಅಂತ.

'ಓಡು' ಅನ್ನಲಿಲ್ಲ. 'ಬಿಡು' ಅನ್ನಲಿಲ್ಲ. ಕ್ಲೀನರ್ ಆಗಿ ಸೇರಿದ ಮೊದಲ ದಿನವೇ ಕಲಿತದ್ದು, ಬೀಳುವ ಗಾಜಿಗೆ ಕೈ ಕೊಡಬಾರದು ಅಂತ. ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ. ಆದರೆ ಆ ಹೊತ್ತಿಗೆ ಬಾಯಿಂದ ಬಂದದ್ದು ಆ ಮಾತು. ಹುಡುಗ ನನ್ನ ಮಾತು ಕೇಳಿದ. ಎರಡೂ ಕೈ ಮುಂದೆ ಚಾಚಿದ.

ಹಿಂದಿದ್ದ ವಯಸ್ಸಾದ ಹಮಾಲಿ ಅವನ ಅಂಗಿ ಹಿಡಿದು ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು. ಗಾಜು ಅವರ ಕಾಲ ಹತ್ತಿರ ಬಂದು ಒಡೆಯಿತು. ಈ ಗಾಜು ಕಾರಿನ ಕಿಟಕಿ ಗಾಜಿನ ಹಾಗೆ ಕಾಳು ಕಾಳಾಗಿ ಉದುರುವುದಿಲ್ಲ, ಕತ್ತಿಯ ಹಾಗೆ ಉದ್ದುದ್ದ ಸೀಳುತ್ತದೆ. ಒಂದು ಚೂರು ಸಿಡಿದು ಹುಡುಗನ ಮುಂಗೈಯನ್ನು ಮಣಿಕಟ್ಟಿನಿಂದ ಮೇಲಕ್ಕೆ ಕೊಯ್ದಿತ್ತು. ಟೀ ಸುತ್ತಿ ಕೊಟ್ಟಿದ್ದ ಅದೇ ಟವೆಲ್ ಕಟ್ಟಿ ಆಟೋದಲ್ಲಿ ಕರೆದುಕೊಂಡು ಹೋದೆ. ಹನ್ನೊಂದು ಹೊಲಿಗೆ. ಬೆರಳು ಐದೂ ಆಡುತ್ತಿವೆ ಅಂದರು ಡಾಕ್ಟ್ರು. ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತೆ.

ಯಾಕೋ ಹಂಗೆ ಕೈ ಚಾಚಿದೆ ಅಂತ ಕೇಳಿದೆ. ಅವನು, 'ನೀವ್ ಹಿಡಿ ಅಂದ್ರಿ ಅಣ್ಣಾ, ಹಿಡಿಲಾಕ ಹೋದೆ' ಅಂದ. ಬೇಜಾರು ಮಾಡಿಕೊಂಡು ಅಂದದ್ದೂ ಅಲ್ಲ.

ವಾಪಸ್ ಬಂದಾಗ ಚಲನ್ ಮೇಲೆ ಬರೆದಿದ್ದರು: 'ಎರಡು ಶೀಟ್ ಡ್ಯಾಮೇಜ್.' ನಾನು ಸೈನ್ ಹಾಕಿದೆ. ಹುಡುಗನ ಕೈ ಬರೆಯುವುದಕ್ಕೆ ಆ ಕಾಗದದಲ್ಲಿ ಜಾಗ ಇರಲಿಲ್ಲ.

ಈ ಲೈನಿನಲ್ಲಿ ಹದಿನಾಲ್ಕು ವರ್ಷ ಆಯಿತು. ಗಾಜು ಒಡೆಸದ ಡ್ರೈವರ್ ಅಂತ ನನಗೆ ಹೆಸರಿದೆ, ನಿನಗೂ ಗೊತ್ತು. ಮಳೆ ಬಂದರೆ ನಾನು ನೆನೆದು ಟಾರ್ಪಾಲ್ ಎಳೆದಿದ್ದೇನೆ, ಶೀಟಿನ ನಡುವೆ ನೀರು ನಿಂತರೆ ಬಿಳಿ ಕಲೆ ಹಿಡಿಯುತ್ತದೆ ಅಂತ. ಮೊದಲಿನ ಓನರ್ ಒಡೆದ ಶೀಟಿನ ದುಡ್ಡು ಸಂಬಳದಲ್ಲಿ ಹಿಡಿದಿದ್ದು, ಆ ತಿಂಗಳು ಮಗಳ ಫೀಸ್ ಕಟ್ಟೋಕೆ ಆಗದೆ ಇದ್ದದ್ದು, ಎಲ್ಲ ನಿನಗೆ ಗೊತ್ತು. ಆ ಹೆದರಿಕೆಯೇ ನನ್ನ ಬಾಯಲ್ಲಿ ಕೂಗಿಸಿತು ಅಂತ ಇಷ್ಟು ದಿನ ಸಮಾಧಾನ ಮಾಡಿಕೊಂಡೆ.

ಆದರೆ ಇನ್ನೊಂದಿದೆ. ಇದನ್ನು ಬರೆಯಬೇಕು ಅಂತ ಇರಲಿಲ್ಲ.

ಗಾಡಿ ನಿಲ್ಲಿಸುವಾಗಲೇ ಎಡಗಡೆ ಹಿಂದಿನ ಚಕ್ರ ಗುಂಡಿಗೆ ಇಳಿದದ್ದು ನನಗೆ ಗೊತ್ತಾಗಿತ್ತು. ಸೀಟಿನಲ್ಲೇ ಗೊತ್ತಾಗುತ್ತದಲ್ಲ ನಮಗೆ. ಬಾಟಲ್ ನನ್ನ ಕೈಯಲ್ಲೇ ಇತ್ತು. ಅದರಿಂದ ನೀರು ಕುಡಿದು ಮುಚ್ಚಳ ಹಾಕಿ ಸೀಟಿನ ಮೇಲೆ ಎಸೆದೆ. ಗಾಡಿ ಮತ್ತೆ ಹಿಂದೆ ಮುಂದೆ ಮಾಡಿದರೆ ಹತ್ತು ನಿಮಿಷ. ಬೆಳಗಾಗುವ ಮುಂಚೆ ಸಿಟಿ ದಾಟದಿದ್ದರೆ ಇಡೀ ದಿನ ಅಲ್ಲೇ. ಆ ಹತ್ತು ನಿಮಿಷ ಉಳಿಸಿದೆ ಕಣೋ.

ಇದು ಯಾರಿಗೂ ಗೊತ್ತಿಲ್ಲ. ಮನೆಯಲ್ಲೂ ಹೇಳಿಲ್ಲ. ಹುಡುಗನಿಗೂ ಮೊನ್ನೆ ತನಕ ಹೇಳಿರಲಿಲ್ಲ. ಹೊಲಿಗೆ ಬಿಚ್ಚಿಸುವ ದಿನ ಹೋಗಿ ಹೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಆ ಬಾಟಲಿನದ್ದು ಹೆಂಗ ತೋರಿಸ್ರಿ ಅಂದ. ಆಸ್ಪತ್ರೆ ಮೆಟ್ಟಿಲ ಮೇಲೆ ಬಾಟಲ್ ಮಲಗಿಸಿ ತೋರಿಸಿದೆ. ಮೆಟ್ಟಿಲೇ ವಾಲಿಕೊಂಡಿತ್ತು. ಅವನು ನಕ್ಕ.

ಸಾಕು ಬಿಡು. ಪಕ್ಕದ ಗಾಡಿಯವರು ಅಡುಗೆ ಇಟ್ಟಿದ್ದಾರೆ, ಒಗ್ಗರಣೆ ವಾಸನೆ ಇಲ್ಲಿಗೂ ಬರುತ್ತಿದೆ. ಊಟಕ್ಕೆ ಕರೆಯುತ್ತಿದ್ದಾರೆ. ನೀನು ಮಾಡುತ್ತಿದ್ದ ಆ ಸಾರಿಗಿಂತ ಇದು ಎಷ್ಟೋ ಮೇಲು. ಆ ಸಾರು ಕುಡಿದೂ ಬದುಕಿದ ಡ್ರೈವರುಗಳು ಇದನ್ನು ಓದಿದರೆ ಕೆಳಗೆ ಸಾಕ್ಷಿ ಹೇಳಲಿ.

ಸಂಕ್ರಾಂತಿಗೆ ಊರಿಗೆ ಬರುತ್ತೇನೆ. ನಿನ್ನ ಬಸ್ಸಿನಲ್ಲಿ ಒಂದು ಟ್ರಿಪ್ ಕೂತು ನೋಡಬೇಕು. ನಿನ್ನ ಹಳದಿ ಟವೆಲ್ ನನ್ನ ಹತ್ತಿರವೇ ಇದೆ, ಕೊಡುವುದಿಲ್ಲ.

ಎಂಟ್ರಿ ಬಿಟ್ಟರು ಅನ್ನಿಸುತ್ತೆ, ಮುಂದಿನ ಗಾಡಿಗಳು ಸ್ಟಾರ್ಟ್ ಆಗುತ್ತಿವೆ. ಊಟ ಕಟ್ಟಿಸಿಕೊಂಡು ಹೊರಡುತ್ತೇನೆ. ಬಾಟಲಿನಲ್ಲಿ ಅರ್ಧ ನೀರಿದೆ. ಅದನ್ನು ಕುಡಿಯುವುದಿಲ್ಲ.

ನಿನ್ನ
ಸೀಟ್ ಪಾರ್ಟ್ನರ್