ಭಾನುವಾರ ವಾಲ್ವ್ ಆಂಪ್ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಗ್ಗೆ 10ಕ್ಕೆ ಬದಿಯಡ್ಕದಲ್ಲಿ ಹಳೆಯ ಆಂಪ್ ರಿಪೇರಿಗೆ ಸೇರುತ್ತಿದ್ದೇವೆ. ಹಳೆಯ ವಾಲ್ವ್ ಗಿಟಾರ್ ಆಂಪ್ (ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರ್) ತರುವವರು ದಯವಿಟ್ಟು ಮನೆಯಲ್ಲಿ ಪ್ಲಗ್ ಹಾಕಿ ನೋಡಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಫಿಲ್ಟರ್ ಕೆಪಾಸಿಟರ್ (ಒಳಗಿನ ಡಿಸಿಯನ್ನು ಸಮ ಮಾಡುವ ಭಾಗ) ಶಾರ್ಟ್ ಆಗಿದ್ದರೆ ಪವರ್ ಟ್ರಾನ್ಸ್‌ಫಾರ್ಮರೇ ಸುಟ್ಟುಹೋದೀತು, ಅಂಥದ್ದು ಮತ್ತೆ ಸಿಗುವುದು ಕಷ್ಟ. ಅಮೆರಿಕದ ಸೆಟ್ಟಿನ ಹಿಂಬದಿಯಲ್ಲಿ 117 ಅಥವಾ 120 ವೋಲ್ಟ್ ಎಂದಿದ್ದರೆ ನಮ್ಮ ಕರೆಂಟಿನ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಪ್ಲಗ್ ತೆಗೆದ ಮೇಲೂ ಒಳಗೆ 400 ವೋಲ್ಟ್ ಉಳಿದಿರಬಹುದು, ಜೀವಕ್ಕೇ ಅಪಾಯ. ಒಳಗೆ ಕೈ ಹಾಕುವ ಮೊದಲು 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ನಲ್ಲಿ ಪ್ರತಿ ಫಿಲ್ಟರ್ ಕೆಪಾಸಿಟರಿನಿಂದ ಚಾಸಿಸ್‌ಗೆ (ಲೋಹದ ಚೌಕಟ್ಟಿಗೆ) ಹತ್ತು ಸೆಕೆಂಡು ಹಿಡಿದು, ಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂದದ್ದನ್ನು ಕಂಡೇ ಮುಂದುವರಿಯಿರಿ.

ಹೊಸ ಕೆಪಾಸಿಟರ್ ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು. 5ವೈ3 ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಇದ್ದಲ್ಲಿ ಮೊದಲ ಕೆಪಾಸಿಟರಿನ ಮೈಕ್ರೋಫ್ಯಾರಡ್ (ಸಾಮರ್ಥ್ಯ) ಹೆಚ್ಚಿಸಬೇಡಿ, ಆ ವಾಲ್ವ್ ಹಾಳಾಗುತ್ತದೆ. ಎರಡು ಪಿನ್ ವಯರ್ ಇದ್ದರೆ ಮೂರು ಪಿನ್ ಅರ್ತ್ ವಯರ್ ಹಾಕಿಯೇ ಕೆಲಸ ಶುರು.

ಮೊದಲ ಬಾರಿ ಆನ್ ಮಾಡುವುದು 60 ವ್ಯಾಟ್ ಫಿಲಮೆಂಟ್ ಬಲ್ಬನ್ನು ಆಂಪಿಗೆ ಬರುವ ಕರೆಂಟಿನ ದಾರಿಯಲ್ಲಿ ಸೀರೀಸಿನಲ್ಲಿ ಹಾಕಿ. ಬಲ್ಬ್ ಒಮ್ಮೆ ಹೊಳೆದು ಮಂದವಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್. ಸ್ಪೀಕರ್ ಜೋಡಿಸದೆ ಆಂಪ್ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಪವರ್ ವಾಲ್ವಿನ ಒಳಗಿನ ಲೋಹದ ಪ್ಲೇಟ್ ಕೆಂಪಾದರೆ ಬಯಾಸ್ (ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ವೋಲ್ಟೇಜ್) ನೋಡಿ, ಹಿಂದಿನ ಹಂತದ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರಿನಿಂದ ಡಿಸಿ ಸೋರುತ್ತಿದೆಯೇ ಎಂದೂ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ವಾಲ್ವ್ ಸಾಕೆಟ್ಟಿನ ಕಾಲುಗಳೂ ತುಕ್ಕು ಹಿಡಿದಿರುತ್ತವೆ, ಕಾಂಟ್ಯಾಕ್ಟ್ ಕ್ಲೀನರ್ ತನ್ನಿ.

ತರುವವರು ಗುರುವಾರ ರಾತ್ರಿಯೊಳಗೆ ಒಳಗಿನ ಫೋಟೋ, ವಾಲ್ವ್ ನಂಬರ್, ಫಿಲ್ಟರ್ ಕೆಪಾಸಿಟರಿನ ಮೌಲ್ಯ ಇಲ್ಲಿ ಹಾಕಿ. ಬೇಕಾದ್ದನ್ನು ಒಟ್ಟಿಗೆ ತರಿಸುವ.